ಕುಸುಬಿ ಹೂವಿನ ಜಡೆಬಿಲ್ಲೆ

ಕಳೆದ ತಿಂಗಳು ರಾಯಚೂರಿನ ನಮ್ಮ ಮನೆಯ ಅಡುಗೆಕಟ್ಟೆಯ ಕಲ್ಲು ಬಿರುಕು ಬಿಟ್ಟಿತು. ಕೂಡಿಸಲು ಬಂದ ಮೇಸ್ತ್ರಿ ಎರಡು ಟ್ಯೂಬುಗಳಿಂದ ಅಂಟು ಹಿಂಡಿ, ರಟ್ಟಿನ ಚೂರಿನ ಮೇಲೆ ಕಲಸತೊಡಗಿದ. ನಾನು ಪಡಸಾಲೆಯಲ್ಲಿ ಪುಂಡಿಪಲ್ಯೆಯ ಎಲೆ ಬಿಡಿಸಿ ಸೋಸುತ್ತ ಕೂತಿದ್ದೆ. ವಾಸನೆ ಅಲ್ಲಿಗೇ ಬಂತು. ಒಣಮೀನಿನದೋ ಕಮಟು ಎಣ್ಣೆಯದೋ ಎಂದು ಹೇಳಲಾಗದ, ಮೂಗಿನ ತುದಿಯನ್ನು ಸಣ್ಣಗೆ ಚುಚ್ಚುವ ವಾಸನೆ.

"ಕಿಡಕಿ ತಗೀಪಾ. ಮಾರಿ ಅಷ್ಟು ಸನೇಕ ಒಯ್ಯಬ್ಯಾಡ" ಎಂದೆ.

"ನಿಮಗ ಹ್ಯಾಂಗ ಗೊತ್ತಬೇ ಇದು?" ಎಂದು ಅವನು ನಕ್ಕ.

ಗೊತ್ತಿಲ್ಲದೆ ಏನು. ಒಂದು ಇಡೀ ಬೇಸಿಗೆ ನಮ್ಮ ಮನೆಯಲ್ಲಿ ಒಗ್ಗರಣೆಯ ವಾಸನೆಗಿಂತ ಅದೇ ಹೆಚ್ಚಾಗಿತ್ತು.

ಆಗ ನಾವು ಶಕ್ತಿನಗರದಲ್ಲಿದ್ದೆವು. ಎಂಬತ್ತರ ದಶಕದ ನಡುವಿನ ಮಾತು. ವಿದ್ಯುತ್ ಕೇಂದ್ರ ಇನ್ನೂ ಹೊಸದು. ಕಾಲೊನಿಯ ಗಿಡಗಳು ಮೊಣಕಾಲೆತ್ತರ ಇದ್ದವು, ಚಿಮಣಿ ಮಾತ್ರ ಮುಗಿಲಿಗೆ ಮುಟ್ಟಿತ್ತು. ಒಗೆದು ಹಾಕಿದ ಬಿಳಿ ಧೋತರ ಸಂಜೆಗೆ ಬೂದು ಬಣ್ಣಕ್ಕೆ ತಿರುಗುತ್ತಿತ್ತು. ಮಾನ್ವಿಯ ಕಾಲುವೆ ನೀರು, ಭತ್ತದ ಹಸಿರು ಕಂಡು ಬೆಳೆದ ನನಗೆ ಆ ಬೂದಿಯೂ ಬಿಸಿಲೂ ಕೂಡಿ ಮೊದಮೊದಲು ಉಸಿರು ಕಟ್ಟಿದಂತಾಗುತ್ತಿತ್ತು. ನಮ್ಮ ಮನೆಯವರು ಕೇಂದ್ರದಲ್ಲಿ ಮೀಟರು, ಅಳತೆಯ ಉಪಕರಣಗಳನ್ನು ದುರಸ್ತಿ ಮಾಡುವ ವಿಭಾಗದಲ್ಲಿದ್ದರು. ಎರಡು ಕೋಣೆಯ ಕ್ವಾರ್ಟರ್ಸು, ಹಿಂದೆ ಒಂದು ಸಣ್ಣ ಅಂಗಳ, ಅಂಗಳದ ಗೋಡೆಗೆ ಹತ್ತಿದ ಕಾಗದದ ಹೂವಿನ ಬಳ್ಳಿ. ಅಷ್ಟೇ ನಮ್ಮ ರಾಜ್ಯ.

ಆ ವರ್ಷ ಚಳಿ ಮುಗಿಯುವ ಹೊತ್ತಿಗೆ ಇವರು ತಮ್ಮ ತಂಗಿ ಗಿರಿಜಾಳನ್ನು ದೇವದುರ್ಗದಿಂದ ಕರೆದುಕೊಂಡು ಬಂದರು. ಅವಳ ಗಂಡ ಕಾಮಾಲೆಯಿಂದ ತೀರಿಕೊಂಡು ವರ್ಷ ಕಳೆದಿತ್ತು. ಮಕ್ಕಳಿರಲಿಲ್ಲ. ಅವಳ ಅತ್ತೆ ಗುರವ್ವನೇ, "ಒಂದೀಟು ದಿನ ನಿನ್ನ ಹಂತ್ಯಾಕ ಇಟಗೋಪಾ. ಇಲ್ಲಿ ಗ್ವಾಡಿ ಕಡಿ ಮಾರಿ ಮಾಡಿ ಮಲಗ್ತಾಳ" ಎಂದು ಹೇಳಿ ಕಳಿಸಿದ್ದಳಂತೆ. ನಮ್ಮ ಮನೆಯಲ್ಲೂ ಅವಳು ಗೋಡೆಯ ಕಡೆ ಮುಖ ಮಾಡಿಯೇ ಮಲಗಿದಳು. ಹೇಳಿದ ಕೆಲಸ ಮಾಡುವಳು, ಹಾಕಿದಷ್ಟು ಉಣ್ಣುವಳು, ಕೇಳಿದ್ದಕ್ಕೆ ಹ್ಞೂಂ ಎನ್ನುವಳು.

ಗಿರಿಜಾ ಹಾಗಿದ್ದವಳಲ್ಲ. ಮೊಗ್ಗಿನ ಜಡೆ ಹಾಕುವುದರಲ್ಲಿ ದೇವದುರ್ಗದ ಆ ಓಣಿಗೆಲ್ಲ ಅವಳೊಬ್ಬಳೇ. ಯಾರದೇ ಮದುವೆ, ಯಾರದೇ ಸೀಮಂತದ ಕುಬಸ ಇರಲಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಮಲ್ಲಿಗೆ ಮೊಗ್ಗು ಬೆಳಗಾಗುವ ಮೊದಲೇ ಅವಳ ಬಾಗಿಲಿಗೆ ಬರುತ್ತಿತ್ತು. ಬಾಳೆಯ ಪಟ್ಟೆಯ ಮೇಲೆ ಸೂಜಿಯಿಂದ ಸಾಲುಸಾಲಾಗಿ ಮೊಗ್ಗು ಹೊಲಿದು, ನಡುವೆ ಜರಿ ಎಳೆದು, ಹುಡುಗಿಯ ಬೆನ್ನ ಮೇಲೆ ಇಳಿಬಿಟ್ಟರೆ ನೋಡಿದವರು ಹುಡುಗಿಯ ಮುಖ ಮರೆತು ಜಡೆಯನ್ನೇ ನೋಡುತ್ತಿದ್ದರು. ಗಂಡ ಸತ್ತ ಮೇಲೆ ಮೊಗ್ಗು ಬರುವುದು ನಿಂತಿತು. ಯಾರೂ ಬೈಯಲಿಲ್ಲ, ಬಾರದಿರು ಎಂದೂ ಹೇಳಲಿಲ್ಲ. ಸುಮ್ಮನೆ ಬೇರೆ ಓಣಿಯವಳನ್ನು ಕರೆದರು. ಗಂಡನಿಲ್ಲದವಳ ಕೈ ಮದುಮಗಳ ತಲೆಗೆ ತಾಗಬಾರದು ಎಂಬುದನ್ನು ಬಾಯಿಬಿಟ್ಟು ಹೇಳಬೇಕಾಗಿಯೇ ಇರಲಿಲ್ಲ.

"ಅವರು ಹೋದದ್ದು ದೇವರ ಕೆಲಸ ಅಂತ ತಿಳ್ಕೊಂಡೆ ವೈನಿ" ಎಂದು ಒಮ್ಮೆ ಅಕ್ಕಿ ಆರಿಸುತ್ತ ಹೇಳಿದಳು. "ಕೈ ಸುಮ್ಮಕ ಕುಂತದ್ದು ಮಾತ್ರ ತಡಕೊಳಾಕ ಆಗವಲ್ದು."

ಒಂದು ಸಂಜೆ ಇವರು ಕೆಲಸದಿಂದ ಬಂದು ಜೇಬಿನಿಂದ ಒಂದು ಗುಂಡನೆಯ ವಸ್ತು ತೆಗೆದು ಅವಳ ಮುಂದೆ ಇಟ್ಟರು. ಗಾಜಿನಂಥದು, ಒಳಗೊಂದು ಹಸಿರು ಹುಳ. ಉಪಕರಣದ ಸೂಕ್ಷ್ಮ ಭಾಗಗಳಿಗೆ ಗಾಳಿ, ತೇವ ತಾಗದಂತೆ ಅವರ ವಿಭಾಗದಲ್ಲಿ ಎಪಾಕ್ಸಿ ರೆಸಿನ್ ಎಂಬ ದ್ರವ ಸುರಿಯುತ್ತಿದ್ದರು. ಜೇನುತುಪ್ಪದಂಥ ರೆಸಿನ್ನಿಗೆ ಗಟ್ಟಿಯಾಗಿಸುವ ಇನ್ನೊಂದು ದ್ರವ ಕೂಡಿಸಿದರೆ ಮರುದಿನಕ್ಕೆ ಕಲ್ಲಾಗುತ್ತದೆ. ಯಾರೋ ಗೆಳೆಯ ಉಳಿದ ಹನಿಯನ್ನು ಸತ್ತ ಹುಳದ ಮೇಲೆ ಸುರಿದು ತಮಾಷೆ ಮಾಡಿದ್ದನಂತೆ.

ಗಿರಿಜಾ ಅದನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದಳು. ತಿರುಗಿಸಿದಳು. ಮತ್ತೆ ತಿರುಗಿಸಿದಳು.

"ಅಣ್ಣಾ, ಇದರಾಗ ಹೂವು ಇಟ್ರ ಏನಾಗ್ತದ?"

ನಮ್ಮ ಮನೆಗೆ ಬಂದ ಮೇಲೆ ಅವಳಾಗಿ ಕೇಳಿದ ಮೊದಲ ಪ್ರಶ್ನೆ. ಇವರು ಚಹದ ಕಪ್ಪು ಕೆಳಗಿಟ್ಟರು.

"ನನಗೂ ಗೊತ್ತಿಲ್ಲವ್ವ. ಇಟ್ಟು ನೋಡೂಣು."

ಅವಧಿ ಮುಗಿದ ರೆಸಿನ್ ಡಬ್ಬಿಗಳನ್ನು ಕೇಂದ್ರದಲ್ಲಿ ಮಣ್ಣಿಗೆ ಹಾಕುತ್ತಿದ್ದರು. ಮೇಲಿನವರನ್ನು ಕೇಳಿದಾಗ, "ಹುಗಿಯೋದರ ಬದಲು ಒಯ್ರಿ, ಆದರ ಕೈಗೆ ಹಚ್ಕೋಬ್ಯಾಡ್ರಿ" ಎಂದರಂತೆ. ಹೀಗೆ ಡಬ್ಬಿಗಳು ನಮ್ಮ ಹಿಂದಿನ ಅಂಗಳಕ್ಕೆ ಬಂದವು.

ಮೊದಲ ಹೂವು ದಾಸವಾಳ. ಬೆಳಿಗ್ಗೆ ಕಿತ್ತ ಹಸಿ ಹೂವನ್ನೇ ಸೋಪಿನ ಡಬ್ಬಿಯ ಮುಚ್ಚಳದಲ್ಲಿಟ್ಟು ಮೇಲೆ ಸುರಿದಳು. ಮರುದಿನ ನೋಡಿದರೆ ಹೂವು ಕೊಳೆತ ಬದನೆಕಾಯಿಯ ಹಾಗೆ ಕಪ್ಪಾಗಿ, ಸುತ್ತ ನೊರೆ ಕಟ್ಟಿತ್ತು. ಎರಡನೆಯ ಸಲ ಬೇಗ ಗಟ್ಟಿಯಾಗಲೆಂದು ಗಟ್ಟಿಯಾಗಿಸುವ ದ್ರವ ಹೆಚ್ಚು ಹಾಕಿದಳು. ದ್ರವ ತಾನೇ ಕಾದು ಹೊಗೆಯಾಡಿತು. ಡಬ್ಬಿ ಸೊಟ್ಟಗಾಗಿ ಅಂಗಳದ ಕಲ್ಲಿಗೆ ಅಂಟಿಕೊಂಡಿತು. ಅದನ್ನು ಕೀಳಲು ಇವರು ಉಳಿ ತಂದರು. ನಾನು ನಕ್ಕೆ, ಇವರು ನಕ್ಕರು. ಗಿರಿಜಾಳ ತುಟಿಯ ಅಂಚೂ ಸ್ವಲ್ಪ ಸಡಿಲಾಯಿತು.

ಹೂವಿನೊಳಗಿನ ನೀರೇ ಶತ್ರು ಎಂಬುದು ನಿಧಾನವಾಗಿ ತಿಳಿಯಿತು. ಬಿಸಿಲಿಗೆ ಒಣಗಿಸಿದರೆ ಬಣ್ಣ ಹೋಗುತ್ತಿತ್ತು, ಪುಸ್ತಕದಲ್ಲಿ ಒತ್ತಿದರೆ ಆಕಾರ ಹೋಗುತ್ತಿತ್ತು. ಆಗ ಇವರಿಗೆ ಟ್ರಾನ್ಸ್‌ಫಾರ್ಮರಿನಲ್ಲಿ ತೇವ ಹೀರಲು ಇಡುವ ನೀಲಿ ಹರಳುಗಳು ನೆನಪಾದವು. ಸಿಲಿಕಾ ಜೆಲ್ ಎನ್ನುತ್ತಾರೆ. ತೇವ ಕುಡಿದು ಗುಲಾಬಿ ಬಣ್ಣಕ್ಕೆ ತಿರುಗಿದ ಹಳೆಯ ಹರಳುಗಳನ್ನು ಬದಲಾಯಿಸಿ ಎಸೆಯುತ್ತಿದ್ದರು. ಬೇರೆಯದೇ ಒಂದು ಹಳೆಯ ಬಾಣಲೆಯಲ್ಲಿ ಹುರಿದರೆ ಮತ್ತೆ ನೀಲಿ. ಆ ಹರಳುಗಳಲ್ಲಿ ಹೂವನ್ನು ಹುಗಿದು ಡಬ್ಬಿ ಮುಚ್ಚಿಟ್ಟರೆ, ಕೆಲವು ದಿನಗಳಲ್ಲಿ ಹೂವು ಅರಳಿದಂತೆಯೇ ಒಣಗಿ ಹೊರಬರುತ್ತಿತ್ತು. ಮೇಲೆ ತೆಳ್ಳಗೆ ಒಂದು ಪದರ ರೆಸಿನ್, ಅದು ಬಿಗಿದ ಮೇಲೆ ಇನ್ನೊಂದು ಪದರ. ಒಂದೇ ಸಲ ಸುರಿದರೆ ಕಾಯುತ್ತದೆ, ಕಾದರೆ ಹೂವು ಸುಡುತ್ತದೆ. ಗುಳ್ಳೆ ಎದ್ದರೆ ಸೂಜಿಯಿಂದ ಚುಚ್ಚಬೇಕು. ಸೂಜಿ ಹಿಡಿಯುವುದು ಗಿರಿಜಾಳಿಗೆ ಹೇಳಿಕೊಡಬೇಕಾದ ವಿಷಯವಲ್ಲ. ಕೈಗೆ ಪ್ಲಾಸ್ಟಿಕ್ ಚೀಲ ಕಟ್ಟಿಕೊಂಡು, ಮೂಗಿಗೆ ಸೆರಗು ಸುತ್ತಿಕೊಂಡು ಅಂಗಳದ ನೆರಳಲ್ಲಿ ಕೂತರೆ ಊಟಕ್ಕೆ ಕೂಗಿದ್ದೂ ಕೇಳುತ್ತಿರಲಿಲ್ಲ.

ಎಲ್ಲ ಹೂವಿಗಿಂತ ಚಂದ ಬಂದದ್ದು ಕುಸುಬಿ. ದೇವದುರ್ಗದ ಕಡೆ ಎರೆಹೊಲದ ಅಂಚಿಗೆಲ್ಲ ಕುಸುಬಿ ಬಿತ್ತುತ್ತಾರೆ. ಮುಳ್ಳಿನ ಗಿಡ, ದನವೂ ಹತ್ತಿರ ಸುಳಿಯುವುದಿಲ್ಲ. ಆ ಹೂವನ್ನು ಯಾರೂ ಮುಡಿಯುವುದೂ ಇಲ್ಲ. ಆದರೆ ರೆಸಿನ್ನಿನೊಳಗೆ ಅದರ ಕೇಸರಿ ಎಳೆಗಳು ಕೆಂಡದ ಹಾಗೆ ನಿಂತವು. ಕನಕಾಂಬರ ಬಂತು, ಕಾಗದದ ಹೂವು ಬಂತು, ತಂಗಡಿ ಗಿಡದ ಹಳದಿ ಹೂವು ಬಂತು. ಯುಗಾದಿಗೆ ಬೇವಿನ ಹೂವೂ ಸಣ್ಣ ಕೆನೆಬಣ್ಣದ ಚುಕ್ಕಿಗಳಾಗಿ ಬಂತು. ಮಲ್ಲಿಗೆ ಮಾತ್ರ ಬರಲಿಲ್ಲ. ಎಷ್ಟು ಸಲ ಇಟ್ಟರೂ ಚಹದ ಬಣ್ಣಕ್ಕೆ ತಿರುಗುತ್ತಿತ್ತು.

ಪಕ್ಕದ ಮನೆಯ ವಹೀದಾ ರಾಯಚೂರಿನವಳು, ಫಿಟ್ಟರನ ಹೆಂಡತಿ. ವಾಸನೆಯ ಜಗಳಕ್ಕೆಂದೇ ಒಂದು ದಿನ ಗೋಡೆಯ ಮೇಲಿಂದ ಇಣುಕಿದಳು. "ಅರೇ, ಏನ್ ಕುದಸಾಕತ್ತೀರಿ? ನಮ್ಮ ಕೋಳಿ ಸೈತ ಓಡಿ ಹೋದ್ವು!" ಎಂದವಳು, ಕಟ್ಟೆಯ ಮೇಲಿದ್ದ ಹೂವಿನ ಗುಂಡು ಬಿಲ್ಲೆಯನ್ನು ಕಂಡು ಗೋಡೆಯ ಮೇಲೆ ಇನ್ನಷ್ಟು ಬಾಗಿದಳು. "ಯಾ ಅಲ್ಲಾ, ಇದು ಖರೇ ಹೂವೇನು?" ಮರುದಿನದಿಂದ ಮುಲಾಮಿನ ಡಬ್ಬಿ, ಸ್ನೋ ಡಬ್ಬಿ, ಔಷಧದ ಬಾಟಲಿಗಳ ಮುಚ್ಚಳಗಳನ್ನೆಲ್ಲ ಸೆರಗಿನಲ್ಲಿ ಕಟ್ಟಿ ತಂದುಕೊಡತೊಡಗಿದಳು. ದೊಡ್ಡದು, ಅದಕ್ಕಿಂತ ಸಣ್ಣದು, ಇನ್ನೂ ಸಣ್ಣದು. ಗಿರಿಜಾ ಆ ಮುಚ್ಚಳಗಳನ್ನು ನೆಲದ ಮೇಲೆ ಒಂದರ ಕೆಳಗೊಂದು ಸಾಲಾಗಿ ಇಟ್ಟು ಬಹಳ ಹೊತ್ತು ನೋಡುತ್ತ ಕೂತಳು.

"ವೈನಿ, ಇದು ಜಡಿ ಆಗ್ತದ" ಎಂದಳು.

ಮದುಮಗಳ ಜಡೆಗೆ ಹಾಕುವ ಬೆಳ್ಳಿ ಬಂಗಾರದ ಬಿಲ್ಲೆಗಳ ಹಾಗೆ, ಮೇಲೆ ದೊಡ್ಡದು, ಕೆಳಗೆ ಇಳಿದಂತೆ ಸಣ್ಣದು. ಇವರು ಅಂಚಿಗೆ ತೂತು ಕೊರೆದುಕೊಟ್ಟರು. ಅವಳು ಕೆಂಪು ಮಕಮಲ್ಲಿನ ಪಟ್ಟಿಗೆ ಹೊಲಿದಳು. ಮೊದಲ ಜಡೆಯನ್ನು ವಹೀದಾಳ ತಂಗಿಯ ಮಗಳು ರಾಯಚೂರಿನಲ್ಲಿ ತನ್ನ ಮದುವೆಗೆ ಹಾಕಿಕೊಂಡಳು. ಹಾಕಲು ಗಿರಿಜಾಳೇ ಬರಬೇಕು ಎಂದು ವಹೀದಾ ಹಟ ಹಿಡಿದಾಗ, ಗಿರಿಜಾ, "ನಾ ಬರಬಾರದಬೇ, ನನ್ನ ಸುದ್ದಿ ನಿನಗ ಗೊತ್ತಿಲ್ಲೇನು?" ಎಂದಳು. "ಜಡಿ ಹಾಕಾಕ ಬಾ ಅಂದೀನಿ. ನಿನ್ನ ನಸೀಬು ಯಾರು ಕೇಳ್ಯಾರ?" ಎಂದು ವಹೀದಾ ಅವಳ ಕೈಹಿಡಿದು ಬಸ್ಸು ಹತ್ತಿಸಿದಳು. ಆ ದಿನ ಹಿಂತಿರುಗಿ ಬಂದ ಗಿರಿಜಾ ನಮಗೆ ಮದುವೆಯ ಊಟದ ಸುದ್ದಿಯನ್ನು ಸಂಜೆಯವರೆಗೆ ಹೇಳಿದಳು.

ಬಿಸಿಲು ತಲೆ ಸುಡುವ ದಿನಗಳಲ್ಲಿ ದೇವದುರ್ಗದಿಂದ ಗಿರಿಜಾಳ ಅತ್ತೆ ಗುರವ್ವ ಬಂದಿಳಿದಳು. ಎತ್ತರದ ಹೆಂಗಸು, ಹಣೆಯ ತುಂಬ ವಿಭೂತಿ. ನೀರು ಕುಡಿದು, ಸೆರಗಿನಿಂದ ಬೆವರೊರೆಸಿಕೊಂಡು, ಬಂದ ಕಾರಣ ಹೇಳಿದಳು. ಕಿರಿಯ ಮಗಳು ನೀಲಾಳ ಮದುವೆ ನಿಶ್ಚಯವಾಗಿತ್ತು. ಹಿರಿಯ ಮಗ ಶಂಕ್ರಪ್ಪ ಹತ್ತಿ ವ್ಯಾಪಾರಿ. ಊರೆಲ್ಲ ಅವನ ಮುಂದೆ, "ನಿಮ್ಮ ಮನಿ ಸೊಸಿ ಅಣ್ಣನ ಮನ್ಯಾಗ ಕುಂತು ಹೂವಿನ ಅಂಗಡಿ ತಗದಾಳಂತ" ಎಂದು ಆಡುತ್ತಿತ್ತು. ಮದುವೆಯ ಹೊತ್ತಿನಲ್ಲಿ ಮಾತು ಬೇಡ, ಅವಳು ಮನೆಗೆ ಬಂದಿರಲಿ ಎಂದು ಅವನು ತಾಯಿಯನ್ನು ಕಳಿಸಿದ್ದ.

ಗಿರಿಜಾ ಒಳಗೆ ಹೋಗಿ ಬಟ್ಟೆ ಗಂಟು ಕಟ್ಟತೊಡಗಿದಳು. ಗಂಡನ ಮನೆಯವರು ಕರೆಯಲು ಬಂದಾಗ ಅಣ್ಣನಾದವನು ಏನು ಹೇಳಬಹುದು? ಗುರವ್ವ ಮಾತ್ರ ಆ ದಿನವೇ ಹೊರಡಲಿಲ್ಲ. ಅಂಗಳದಲ್ಲಿ ಕೂತು ಬಿಲ್ಲೆಗಳನ್ನು ಒಂದೊಂದಾಗಿ ಕೈಗೆತ್ತಿ ನೋಡಿದಳು. ಮರುದಿನವೂ ನೋಡಿದಳು. ಕುಸುಬಿಯ ಬಿಲ್ಲೆ ಬಂದಾಗ, "ಇದು ನಮ್ಮ ಹೊಲದ್ದಲ್ಲೇನು?" ಎಂದಳು. ಹೌದು, ತನ್ನ ಗಂಡನ ಮನೆಯ ಹೊಲದಿಂದಲೇ ಗಿರಿಜಾ ಹೂವನ್ನು ಕೇಳಿ ತರಿಸಿಕೊಂಡಿದ್ದಳು.

"ನಿನ್ನ ಗಂಡ ಸಣ್ಣಾವಿದ್ದಾಗ ಈ ಹೂವು ಹರಕೊಂಡು ಬಂದು ಕೈ ತುಂಬ ಮುಳ್ಳು ಮಾಡ್ಕೊಂಡಿದ್ದ" ಎಂದಳು ಗುರವ್ವ. ಗಿರಿಜಾ ಬಟ್ಟೆಯ ಗಂಟನ್ನು ಬಿಟ್ಟು ಬಂದು ಅತ್ತೆಯ ಹತ್ತಿರ ಕೂತಳು. ಇಬ್ಬರೂ ಅತ್ತರು. ಒಬ್ಬರನ್ನೊಬ್ಬರು ಸಮಾಧಾನ ಮಾಡಲಿಲ್ಲ, ಮಾಡುವಂಥದೂ ಇರಲಿಲ್ಲ. ನಾನು ಒಳಗೆ ಹೋಗಿ ಚಹಕ್ಕೆ ಇಟ್ಟೆ.

ಚಹ ಕುಡಿದ ಮೇಲೆ ಗುರವ್ವ ಹೇಳಿದಳು: "ನೀಲಾಗ ಇಂಥಾದ ಒಂದು ಜಡಿ ಮಾಡು. ಮಾಡಿ ಮುಗದ ಮ್ಯಾಲ ಬಾ. ಶಂಕ್ರಗ ನಾ ಹೇಳ್ಕೋತೀನಿ."

"ಅತ್ತಿ, ನನ್ನ ಕೈಲೆ..."

"ಕೈಗೆ ಏನಾಗೇದ? ಚೊಲೋ ಅದಾವಲ್ಲ."

ಹಾಗೆ ಹೇಳಿ ಗುರವ್ವ ಒಬ್ಬಳೇ ದೇವದುರ್ಗಕ್ಕೆ ಹಿಂತಿರುಗಿದಳು. ಗಿರಿಜಾ ಆ ಜಡೆಗಾಗಿ ಬಿದ್ದ ಪಾಡು ನನಗೆ ಮಾತ್ರ ಗೊತ್ತು. ಒಂದು ಎಳೆ ಬಾಗಿದರೂ ಬಿಲ್ಲೆಯನ್ನು ಬದಿಗಿಡುತ್ತಿದ್ದಳು. ಎಲ್ಲಕ್ಕಿಂತ ಮೇಲಿನ ದೊಡ್ಡ ಬಿಲ್ಲೆಗೆ ಕುಸುಬಿ ನಡುವೆ, ಸುತ್ತ ಬೇವಿನ ಹೂವು. ಅದನ್ನು ಸುರಿದ ದಿನವೇ, ಇನ್ನೂ ಕಾಲವಲ್ಲದ ಕಾಲದಲ್ಲಿ, ಗುಡುಗಿ ಮಳೆ ಬಂತು. ಊರೆಲ್ಲ ತಂಪಾಯಿತೆಂದು ಹಿಗ್ಗಿತು. ನಮ್ಮ ಮನೆಯಲ್ಲಿ ಮಾತ್ರ ಎಲ್ಲರ ಮುಖ ಬಾಡಿತು. ಮಳೆಯ ತೇವಕ್ಕೆ ಬಿಲ್ಲೆ ಗಟ್ಟಿಯಾಗದೆ ಅಂಟಂಟಾಗಿ, ಮೇಲೆ ಹಾಲಿನ ಕೆನೆಯಂಥ ಪೊರೆ ಕಟ್ಟಿತು. ಕುಸುಬಿಯ ಕಾಲ ಮುಗಿದು ಬೇರೆ ಹೂವು ಸಿಗುವಂತಿರಲಿಲ್ಲ. ಇವರು ಬಲ್ಬೊಂದನ್ನು ಬುಟ್ಟಿಯೊಳಗೆ ಇಳಿಬಿಟ್ಟು, ಅದರ ಬಿಸಿಯಲ್ಲಿ ಬಿಲ್ಲೆಯನ್ನು ಇಟ್ಟರು. ಅದು ಬಿಗಿದ ಮೇಲೆ ಗಿರಿಜಾ ಆ ಪೊರೆಯನ್ನು ನುಣುಪಾದ ಮರಳು ಕಾಗದದಿಂದ ತಿಕ್ಕಿ ತೆಗೆದು, ಉಸಿರು ಬಿಗಿಹಿಡಿದು ಇನ್ನೊಂದು ತೆಳು ಪದರ ಸುರಿದಳು. ಎಲ್ಲ ಸ್ವಚ್ಛವಾಗಿ ಮೂಡಿದಾಗ ವಹೀದಾ ಗೋಡೆಯಾಚೆಯಿಂದಲೇ ಚಪ್ಪಾಳೆ ಹೊಡೆದಳು.

ಮದುವೆಗೆ ಮೂವರೂ ದೇವದುರ್ಗಕ್ಕೆ ಹೋದೆವು. ಜಡೆಯನ್ನು ಗುರವ್ವನ ಕೈಗೆ ಕೊಟ್ಟು ಗಿರಿಜಾ ತಾನಾಗಿಯೇ ಹಿಂದಿನ ಕೋಣೆ ಸೇರಿದಳು. ಅಲ್ಲಿ ಜೋಳದ ಚೀಲಗಳ ನಡುವೆ ಕೂತು ಎಲೆ ಅಡಿಕೆ ಹೊಂದಿಸುವುದು ಅವಳ ಪಾಲಿನ ಕೆಲಸ. ಯಾರೂ ಅಲ್ಲಿ ಕೂತುಕೋ ಎಂದಿರಲಿಲ್ಲ. ಶಂಕ್ರಪ್ಪ ಬಂದು, "ಪ್ರಯಾಣ ಚೊಲೋ ಆತೇನವ್ವ?" ಎಂದು ಕೇಳಿ, ಅವಳ ಮುಖ ನೋಡದೆ ಹೊರಗೆ ಹೋದ. ಕೆಟ್ಟವನಲ್ಲ, ತಮ್ಮ ಸತ್ತ ಮೇಲೆ ಅವನ ಹೆಂಡತಿಯ ಜೊತೆ ಹೇಗೆ ಮಾತಾಡಬೇಕೆಂಬುದೇ ಅವನಿಗೆ ತಿಳಿಯುತ್ತಿರಲಿಲ್ಲ.

ಮದುಮಗಳನ್ನು ಸಿಂಗರಿಸುವ ಕೋಣೆಯಲ್ಲಿ ನಾನೂ ಇದ್ದೆ. ಶಂಕ್ರಪ್ಪನ ಹೆಂಡತಿ ಜಡೆ ಕಟ್ಟಲು ಹೋದಳು. ಬಿಲ್ಲೆಗಳು ಭಾರ, ಕೂದಲಿಗೆ ಎಲ್ಲಿ ಬಿಗಿಯಬೇಕು, ಎಲ್ಲಿ ಸಡಿಲ ಬಿಡಬೇಕು ಎಂಬುದು ಮಾಡಿದವಳಿಗೇ ಗೊತ್ತು. ಪಟ್ಟಿ ಒಂದು ಕಡೆಗೆ ವಾಲಿತು. ಇನ್ನೊಬ್ಬಳು ಯತ್ನಿಸಿದಳು, ದೊಡ್ಡ ಬಿಲ್ಲೆ ಜಾರಿ ಕುತ್ತಿಗೆಗೆ ಬಡಿಯಿತು. ನೀಲಾ ಜಡೆಯನ್ನು ತಾನೇ ಬಿಚ್ಚಿ ಮಡಿಲಲ್ಲಿ ಇಟ್ಟುಕೊಂಡಳು.

"ಸಣ್ಣ ವೈನಿ ಬಂದು ಹಾಕ್ಲಿ" ಎಂದಳು.

ಸೋದರತ್ತೆಯೊಬ್ಬಳು, "ಹಂಗ ಅನಬಾರದವ್ವ. ಇವತ್ತೊಂದು ದಿನ ತಡಿ. ಹೂವಿನ ದಂಡಿ ಕಟ್ಟೂಣು" ಎಂದಳು.

"ಅಕ್ಕನಂಗ ಎಷ್ಟು ವರ್ಷ ನನ್ನ ತಲಿ ಬಾಚ್ಯಾಳ. ಇವತ್ತ ಯಾಕ ಬ್ಯಾಡ? ಆಕಿ ಬರೋತನ ನಾ ಏಳಂಗಿಲ್ಲ." ಹುಡುಗಿ ಕೂತಲ್ಲಿಂದ ಏಳಲಿಲ್ಲ. ಹೊರಗೆ ಬಾಜಾ ಬಜಂತ್ರಿ ಜೋರಾಗಿತ್ತು. ಅಕ್ಕಿಕಾಳು ಬೀಳುವ ಮುಹೂರ್ತ ಹತ್ತಿರವಾಗಿತ್ತು. ಯಾರೋ ಶಂಕ್ರಪ್ಪನನ್ನು ಕರೆತಂದರು. ಅವನು ಬಾಗಿಲಲ್ಲಿ ನಿಂತು ತಂಗಿಯನ್ನು ನೋಡಿದ, ತಾಯಿಯನ್ನು ನೋಡಿದ.

ಗುರವ್ವ ಎದ್ದಳು. "ನಾನೂ ಗಂಡನ್ನ ಕಳಕೊಂಡಾಕಿನ. ಈ ಕೂಸಿನ್ನ ಹಡದು, ಎರದು, ಬೆಳಸಿದ್ದು ಇದ ಕೈಲೆ. ನನ್ನ ಕೈ ನಡೀತದ, ಆಕಿದು ನಡೆಯಂಗಿಲ್ಲೇನು?" ಎಂದಳು. ದನಿಯೇನೂ ಎತ್ತರಿಸಲಿಲ್ಲ. ಉತ್ತರಕ್ಕೂ ಕಾಯಲಿಲ್ಲ. ಹಿಂದಿನ ಕೋಣೆಗೆ ನಡೆದಳು.

ಶಂಕ್ರಪ್ಪ ಹೊರಗೆ ಹೋಗಿ, "ಅಯ್ಯನವರ, ಒಂದೀಟು ತಡಾ ಆಗ್ತದ್ರಿ" ಎಂದು ಹೇಳಿದ್ದು ನನಗೆ ಕೇಳಿಸಿತು. ಬಾಜಾದವರಿಗೆ ಬಾರಿಸುತ್ತಲೇ ಇರುವಂತೆ ಕೈ ಮಾಡಿದ.

ಗಿರಿಜಾ ಬಂದಳು. ಅವಳ ಕೈಗೆ ಸುಣ್ಣ ಹತ್ತಿತ್ತು, ಸೆರಗಿನಿಂದ ಒರೆಸಿಕೊಂಡಳು. ಸೋದರತ್ತೆ ಎದ್ದು ಹೊರಗೆ ಹೋದಳು, ಅವಳ ಹಿಂದೆ ಇನ್ನಿಬ್ಬರು. ಗಿರಿಜಾ ಅದನ್ನು ನೋಡಿದಳು. ನೋಡಿಯೂ ನೀಲಾಳ ಹಿಂದೆ ಮಂಡಿಯೂರಿ ಕೂತು, ಕೂದಲನ್ನು ಬಿಚ್ಚಿ, ಮೊದಲಿನಿಂದ ಹೆಣೆಯತೊಡಗಿದಳು. ಜಡೆ ಕೂತ ಮೇಲೆ ನೀಲಾ ಎದ್ದು ನಿಂತಾಗ ಕಿಟಕಿಯ ಬೆಳಕು ಅವಳ ಬೆನ್ನ ಮೇಲೆ ಬಿತ್ತು. ಹೊರಗೆ ಹೋದವರೂ ಬಾಗಿಲಿಗೆ ಬಂದು ಇಣುಕಿದರು.

ಆ ಮದುವೆಯಿಂದ ಎಲ್ಲವೂ ಬದಲಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಎಷ್ಟೋ ಮನೆಯವರು ಮುಂದೆಯೂ ಗಿರಿಜಾಳನ್ನು ಕರೆಯಲಿಲ್ಲ. ಜಡೆ ತರಿಸಿಕೊಂಡು ಅವಳನ್ನು ಬಿಟ್ಟವರೂ ಇದ್ದರು. ಅವಳು ನಮ್ಮೊಂದಿಗೇ ಉಳಿದಳು. ಹಬ್ಬಕ್ಕೆ ಅತ್ತೆಯ ಮನೆಗೆ ಹೋಗಿ ಬರುವಳು. ಹಳೆಯ ಡಬ್ಬಿಗಳು ಮುಗಿದ ಮೇಲೆ ರೆಸಿನ್ ಸಿಗಲಿಲ್ಲ. ಅವಳು ಮತ್ತೆ ಹಸಿ ಮೊಗ್ಗಿಗೇ ಹಿಂತಿರುಗಿದಳು. ಮುಂದೆ ರಾಯಚೂರಿನಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ, ಹೂವಿನ ಕೆಲಸ ಕಲಿಸುತ್ತ ತನ್ನದೇ ಮನೆ ಮಾಡಿದಳು. ಆದರೆ ಇದೆಲ್ಲ ಆಮೇಲಿನ ಮಾತು. ಆ ಬೇಸಿಗೆ ನನ್ನ ಪಾಲಿಗೆ ಮುಗಿದದ್ದು ಮದುವೆಯ ಮರುದಿನ, ನಾವು ಹಿಂತಿರುಗುವ ಬಸ್ಸಿನಲ್ಲಿ.

ಬಸ್ಸು ತುಂಬಿತ್ತು. ನಮ್ಮ ಮುಂದಿನ ಸೀಟಿನಲ್ಲಿ ಅರಕೇರಾದ ಹೆಂಗಸೊಬ್ಬಳು ಮಗಳೊಂದಿಗೆ ಕೂತಿದ್ದಳು. ಮದುವೆಗೆ ಬಂದವಳೇ. ಬಹಳ ಹೊತ್ತು ಗಿರಿಜಾಳನ್ನು ನೋಡಿ, ಕೊನೆಗೆ ಹಿಂದೆ ತಿರುಗಿ ಕೇಳಿದಳು.

"ಆ ಹುಡುಗಿ ಜಡಿ ನೀವ ಮಾಡಿದ್ದೇನ್ರಿ? ನಮ್ಮಾಕಿದು ಶ್ರಾವಣ ಮುಗದ ಮ್ಯಾಲ ಲಗ್ನ ಅದ."

ನಾನು ಉತ್ತರ ಕೊಡಲು ಬಾಯಿ ತೆರೆದೆ. ಇವರು ಮೆಲ್ಲಗೆ ನನ್ನ ತೋಳು ಮುಟ್ಟಿದರು.

"ಹೌದ್ರಿ, ನಾನ ಮಾಡಿದ್ದು" ಎಂದಳು ಗಿರಿಜಾ. "ನನಗ ಗಂಡ ಇಲ್ಲ. ಮೊದ್ಲ ಹೇಳಿಬಿಡ್ತೀನಿ. ಹಿಂದಾಗಡಿ ಗೊತ್ತಾಗಿ ನೀವು ಮನಸ್ಸಿಗೆ ಹಚ್ಕೋಬಾರದು."

ಆ ಹೆಂಗಸು ಮುಂದೆ ತಿರುಗಿದಳು. ಕಿಟಕಿಯ ಹೊರಗೆ ಹದವಾದ ಎರೆಹೊಲಗಳಲ್ಲಿ ಜನ ಕುಂಟೆ ಹೊಡೆಯುತ್ತಿದ್ದರು. ಗಬ್ಬೂರು ಬಂತು, ಜನ ಇಳಿದರು, ಹತ್ತಿದರು. ಮಾತು ಅಲ್ಲಿಗೆ ಮುಗಿಯಿತೆಂದು ನಾನು ಗಿರಿಜಾಳ ಮುಖ ನೋಡಲಾರದೆ ಕೂತಿದ್ದೆ.

ಬಸ್ಸು ಗಬ್ಬೂರು ಬಿಟ್ಟಿತು. ಹೆಂಗಸು ಮಗಳ ಭುಜ ಹಿಡಿದು ಅವಳ ಬೆನ್ನನ್ನು ನಮ್ಮ ಕಡೆಗೆ ತಿರುಗಿಸಿದಳು.

"ಇಕಿ ಕೂದ್ಲ ಗಿಡ್ಡ ಅದಾವ ನೋಡವ್ವ. ಇಷ್ಟಕ್ಕ ಕೂಡ್ತದೇನು?"

ಗಿರಿಜಾ ಮುಂದಕ್ಕೆ ಬಾಗಿ, ಆ ಹುಡುಗಿಯ ಜಡೆಯನ್ನು ಅಂಗೈಗೆ ತೆಗೆದುಕೊಂಡು, ಗೇಣು ಹಾಕಿ ಅಳೆಯತೊಡಗಿದಳು.